ಆ ಒಂಬತ್ತು ಮಧ್ಯಾಹ್ನಗಳ ಕರೆಂಟು

ಪೀತಮ್‌ಪುರ
೧೯ ಜೂನ್ ೨೦೨೫

ಮುದ್ದಿನ ಸಂಯುಕ್ತಾ,

ಆಶೀರ್ವಾದ ಮೊದಲು, ಜಗಳ ಆಮೇಲೆ.

ಫೋನ್ ಮಾಡಬಹುದಿತ್ತು. ಆದರೆ ಇಲ್ಲಿ ನಿನ್ನ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಗುರುಗ್ರಾಮದಲ್ಲಿ ನೀನು ಒಂದು ಕಿವಿಯಲ್ಲಿ ಆಫೀಸಿನ ಮೀಟಿಂಗು ಕೇಳುತ್ತಿರುತ್ತೀಯ. ನಿನಗೆ ಕನ್ನಡ ಓದುವುದು ನಿಧಾನ. ಒಳ್ಳೆಯದೇ ಆಯಿತು, ಅಷ್ಟು ಹೊತ್ತಾದರೂ ಅಮ್ಮನ ಮಾತು ಕೇಳುತ್ತೀಯ.

ನಿನ್ನೆಯ ನಿನ್ನ ಮೆಸೇಜನ್ನು ನಾಲ್ಕು ಸಲ ಓದಿದೆ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ನಮ್ಮ ರೋಹಿಣಿಯ ಫ್ಲಾಟಿನಲ್ಲಿ, ಬುಕಿಂಗ್ ಇಲ್ಲದ ಒಂಬತ್ತು ದಿನ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎಸಿ ಓಡಿದೆ ಎಂದು ನಿನ್ನ ಫೋನು ತೋರಿಸಿತಂತೆ. ಗುಡಿಸಿ ಒರೆಸುವ ಫೂಲ್‌ವತಿಯ ಹತ್ತಿರ ಒಂದು ಬೀಗದ ಕೈ ಇದೆ, ಆದ್ದರಿಂದ ಅವಳೇ ಕಳ್ಳಿ, ತಿಂಗಳ ಕೊನೆಗೆ ಬಿಡಿಸಿಬಿಡು ಎಂದು ಬರೆದಿದ್ದೀಯ. ಬಿಡಿಸುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬೇಡ. ಬಾಲ್ಕನಿ ಬಾಗಿಲು ತೆರೆದಿಟ್ಟು, ಎಸಿ ಹದಿನೆಂಟಕ್ಕೆ ಹಾಕಿ, ಕುತುಬ್ ಮಿನಾರ್ ನೋಡಲು ಹೋದವರಿಗೆ ನೀನು ಐದು ಸ್ಟಾರ್ ಕೊಟ್ಟು ಮತ್ತೆ ಬನ್ನಿ ಎಂದು ಬರೆದೆ. ಮದುವೆಗೆಂದು ಬಂದ ಏಳು ಜನ ಮೂರು ದಿನ ಗೀಸರ್ ಆರಿಸಲೇ ಇಲ್ಲ, ಅದೂ ನಲ್ಲಿಯಲ್ಲೇ ಕುದಿಯುವ ನೀರು ಬರುವ ಮೇ ತಿಂಗಳಲ್ಲಿ. ಅವರನ್ನು ನೀನು ಕಳ್ಳರೆನ್ನಲಿಲ್ಲ. ಗೀಸರಿನ ಸ್ವಿಚ್ಚಿನ ಮೇಲೆ ಹಿಂದಿಯಲ್ಲಿ ಚೀಟಿ ಅಂಟಿಸಿದವಳು ನಾನು. ಸದ್ದಿಲ್ಲದೆ ಸೋರಿ ದಿನವೂ ಮೋಟರು ಓಡಿಸುತ್ತಿದ್ದ ಫ್ಲಶ್ ಟ್ಯಾಂಕನ್ನು ಪತ್ತೆ ಹಚ್ಚಿದವಳು ಫೂಲ್‌ವತಿ. ಪ್ಲಂಬರ್ ಭಯ್ಯಾ ಹೊಸ ಟ್ಯಾಂಕೇ ಬೇಕೆಂದ. ಅವಳು ಅವನನ್ನು ಚೆನ್ನಾಗಿ ಬೈದು ಹಳೆಯದಕ್ಕೇ ವಾಷರ್ ಹಾಕಿಸಿದಳು. ಇದನ್ನೆಲ್ಲ ನಿನ್ನ ಫೋನು ತೋರಿಸಲಿಲ್ಲವೇ?

ಸರಿ, ಹೇಳಿಬಿಡುತ್ತೇನೆ. ಎಸಿ ಹಾಕಿದವಳು ನಾನು.

ಅಪ್ಪ ನಿವೃತ್ತರಾದ ಮೇಲೆ ಈ ಮನೆಯಲ್ಲಿ ಬೆಳಿಗ್ಗೆಯಿಂದ ಟಿವಿ ಕೂಗುತ್ತದೆ. ಎಸಿ ಮಾತ್ರ ರಾತ್ರಿ ಹತ್ತಕ್ಕೆ ಮುಂಚೆ ಹಾಕುವಂತಿಲ್ಲ. ಕಚೇರಿಯ ಶಿಸ್ತೆಲ್ಲ ಈಗ ನನ್ನ ಮೇಲೆ. ಬಿಸಿಗಾಳಿ ಬೀಸುವ ಹೊತ್ತಿನಲ್ಲಿ ಮೂರು ಸಲ ಚಹಾ ಮಾಡಬೇಕು. ಆದ್ದರಿಂದ ಮೀಟರ್ ನೋಡಿ ಬರುತ್ತೇನೆಂದು ಹೇಳಿ ಮೆಟ್ರೋ ಹತ್ತುತ್ತೇನೆ. ಮೀಟರನ್ನೂ ನೋಡುತ್ತೇನೆ, ಸುಳ್ಳಲ್ಲ. ಆಮೇಲೆ ಇಪ್ಪತ್ನಾಲ್ಕಕ್ಕೆ ಎಸಿ ಹಾಕಿ ಮಲಗುತ್ತೇನೆ. ಯಾರೂ ಕರೆಯುವುದಿಲ್ಲ. ಮದುವೆಯಾಗಿ ಮೂವತ್ತಾರು ವರ್ಷಕ್ಕೆ ಮೊದಲ ಸಲ, ತಾನಾಗಿ ಎಚ್ಚರವಾಗುವವರೆಗೆ ಮಧ್ಯಾಹ್ನ ನಿದ್ದೆ ಮಾಡಿದೆ. ಎದ್ದಾಗ ಅಳು ಬಂತು, ಸಂತೋಷಕ್ಕೇ.

ನನಗೆ ನಾಚಿಕೆಯೇನೂ ಇಲ್ಲ. ನನ್ನ ತವರಿನ ಸೈಟು ಮಾರಿ ಕೊಂಡ ಫ್ಲಾಟು ಅದು. ಗುರುಗ್ರಾಮದಿಂದಲೇ ಎಸಿ ಆರಿಸುವ ಪ್ಲಗ್ ಹಾಕಿಸುತ್ತೇನೆ ಎಂದಿದ್ದೀಯಲ್ಲ, ಹಾಕಿಸಿ ನೋಡು. ಕಿತ್ತು ನಿನಗೇ ಕೊರಿಯರ್ ಮಾಡುತ್ತೇನೆ. ಇನ್ನು ಮೇಲೆ ಮಂಗಳವಾರ, ಗುರುವಾರ ಅಲ್ಲಿಗೆ ಯಾರ ಬುಕಿಂಗೂ ತೆಗೆದುಕೊಳ್ಳಬೇಡ. ನಷ್ಟವಾದರೆ ಆಗಲಿ. ಅಪ್ಪನಿಗೆ ನೀನು ಚಾಡಿ ಹೇಳಬೇಕಿಲ್ಲ, ಇವತ್ತು ಸಂಜೆ ನಾನೇ ಹೇಳುತ್ತೇನೆ.

ಜಗ್ಗದ ನಿನ್ನ ಅಮ್ಮ,
ರತ್ನಪ್ರಭಾ

ಮತ್ತೊಂದು ಮಾತು: ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ, ಅದಕ್ಕೆ ಇದನ್ನೂ ಬರೆಯುತ್ತೇನೆ. ಒಂಬತ್ತರಲ್ಲಿ ನಾನು ಮಲಗಿದ್ದು ಐದು ದಿನ. ಉಳಿದ ನಾಲ್ಕು ಫೂಲ್‌ವತಿಯವು. ಮೊದಲ ದಿನ ನಾನು ನಿಜವಾಗಿಯೂ ಮೀಟರ್ ನೋಡಲೆಂದೇ ಹೋಗಿದ್ದೆ. ಬಾಗಿಲು ತೆಗೆದರೆ ಎಸಿ ಓಡುತ್ತಿತ್ತು, ಅವಳು ಸೆರಗು ಹಾಸಿ ನೆಲದ ಮೇಲೆ ಮಲಗಿದ್ದಳು. ಬೆಚ್ಚಿಬಿದ್ದು ಎದ್ದು ಕೈಮುಗಿದಳು. ಅವಳ ತಗಡಿನ ಮನೆಯಲ್ಲಿ ಆ ಹೊತ್ತಿಗೆ ಫ್ಯಾನೂ ಬೆಂಕಿಗಾಳಿಯನ್ನೇ ಬೀಸುತ್ತದಂತೆ. ನೆಲದ ಮೇಲೇಕೆ, ಮಂಚದ ಮೇಲೆ ಮಲಗು ಎಂದು ಗದರಿಸಿ ಬಂದೆ. ನಾನೂ ಹಾಗೆ ಮಲಗಬಹುದೆಂದು ನನಗೆ ಹೊಳೆದದ್ದು ವಾಪಸು ಬರುವಾಗ, ಮೆಟ್ರೋದಲ್ಲಿ.