ಅಣ್ಣನಿಗೆ ಮಾತ್ರ ಹೇಳಿದ್ದು

ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ
25 ಫೆಬ್ರವರಿ 2024

ಪ್ರೀತಿಯ ಬಕ್ಕೇಶಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ಬೆನ್ನುನೋವು ಹೇಗಿದೆ? ಹೈದರಾಬಾದಿನ ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಮಾತ್ರೆ ನುಂಗಿಕೊಂಡೇ ಹಾರುತ್ತಿದ್ದೀಯೋ ಎಂದು ಅಮ್ಮ ದಿನವೂ ಕೇಳುತ್ತಾಳೆ. ಅವಳು ಆರಾಮಾಗಿದ್ದಾಳೆ. ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ನಾನು ಊರಿಗೆ ಬಂದು ಎರಡು ವಾರವಾಯಿತು. ವಿಮಾನ ಹಾರಿಸುವ ಕೆಲಸದಿಂದ ನನ್ನನ್ನು ಇಳಿಸಿದ್ದಾರೆಂದು ಅಮ್ಮನಿಗೆ ಗೊತ್ತಿಲ್ಲ, ರಜೆ ಎಂದಿದ್ದೇನೆ. “ಅಣ್ಣಾನೇ ಕ್ಯಾಪ್ಟನ್ನು, ಎಲ್ಲಾರ ಡ್ಯೂಟಿ ಹಾಕೋನೂ ಅವ್ನೇ. ತಂಗಿಗೆ ರಜಾ ಕೊಡದೆ ಇರ್ತಾನಾ?” ಎಂದು ಎದುರುಮನೆ ಹೊನ್ನಕ್ಕನ ಹತ್ತಿರ ಹೆಮ್ಮೆಪಡುತ್ತಾಳೆ. ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ.

ಸಂಕ್ರಾಂತಿಗೆ ಇಬ್ಬರೂ ಬಂದಿದ್ದಾಗ ಹರಿಹರಕ್ಕೆ ಸೋದರತ್ತೆಯ ಮನೆಗೆ ಹೋಗಿ, ಊಟವಾದ ಮೇಲೆ ಹೊಳೆ ಕಡೆ ನಡೆದುಕೊಂಡು ಹೋದೆವಲ್ಲ, ಆಗ ನಿನಗೆ ಹೇಳಿದೆ. ನಮ್ಮ ಪುಟ್ಟ ಕಂಪನಿಯಲ್ಲಿ ಹೊಸ ಕೋ-ಪೈಲಟ್‌ಗಳ ಪಾಡು ನಿನಗೆ ತಿಳಿಯದ್ದೇನಲ್ಲ. ಬೆಳಕು ಹರಿಯುವ ಮುಂಚೆ ಹೊರಟು, ಸಣ್ಣಪುಟ್ಟ ಊರುಗಳಲ್ಲಿ ಇಳಿದು ಏರಿ ಇಳಿದು ಏರಿ, ಇನ್ನೇನು ರೂಮಿಗೆ ಹೋಗಬೇಕು, ಅಷ್ಟರಲ್ಲಿ ಇನ್ನೊಂದು ಸುತ್ತು ಹೋಗಿ ಬಾ ಎಂದು ಫೋನು. ಆಗುವುದಿಲ್ಲ ಎಂದವರ ಬಡ್ತಿ ಹಿಂದಕ್ಕೆ. ಅಂಥದೊಂದು ಸುತ್ತಿನಲ್ಲಿ ನಾನು ಕೂತಲ್ಲೇ ನಿದ್ದೆ ಹೋದೆ. ಎಚ್ಚರವಾಗಿ ನೋಡಿದರೆ ಪಕ್ಕದ ಕ್ಯಾಪ್ಟನ್ನಿನ ತಲೆಯೂ ಎದೆಗೆ ವಾಲಿತ್ತು. ಹಿಂದೆ ವಿಮಾನದ ತುಂಬ ಜನ! ಹೇಳುತ್ತ ಹೇಳುತ್ತ ನನಗೆ ಅಳು ಬಂತು. “ಬೈಬ್ಯಾಡ ಅಣ್ಣ, ನಮ್ಮೆಲ್ಲರ ಡ್ಯೂಟಿ ಸ್ವಲ್ಪ ಕಮ್ಮಿ ಮಾಡು” ಎಂದೆ. “ಹುಚ್ಚಿ, ಯಾಕ ಅಳ್ತೀಯ? ನನಗೆ ಬಿಡು. ನಿನ್ ಮಾತು ನನ್ ಹತ್ರಾನೇ ಇರ್ತೈತೆ” ಎಂದು ನೀನು ತಲೆ ಸವರಿದೆ.

ಈ ತಿಂಗಳ ಮೊದಲಲ್ಲಿ ಮುಖ್ಯ ಪೈಲಟ್ ಕರೆಸಿದರು. “ವಿಮಾನದಲ್ಲಿ ಕಣ್ಣು ಬಿಟ್ಟಾಗ, ಸ್ಕೂಲಿಗೆ ಹೊತ್ತಾಯ್ತು ಅಂತ ಅನಿಸಿತಂತೆ ನಿನಗೆ?” ಎಂದು ಕೇಳಿದರು. ಅಣ್ಣ, ಆ ಮಾತನ್ನು ನಾನು ಹೊಳೆದಂಡೆಯಲ್ಲಿ ನಿನ್ನೊಬ್ಬನಿಗೆ ಹೇಳಿದ್ದೆ. ತಂಗಿ ಎಂದು ಮುಚ್ಚಿಡದ ನಿನ್ನ ಪ್ರಾಮಾಣಿಕತೆಯನ್ನು ಅವರು ಹೊಗಳಿದರು. ಆ ಡ್ಯೂಟಿ ಹಾಕಿದವರು ಯಾರೆಂಬುದನ್ನು ನೀನು ಹೇಳಿರಲಿಲ್ಲ. ಮೊಬೈಲ್ ನೋಡುತ್ತ ನಾನೇ ನಿದ್ದೆಗೆಡುತ್ತೇನೆ, ನನಗೆ ಶಿಸ್ತಿಲ್ಲ ಎಂದಿದ್ದೆಯಂತೆ. ನಾನು ಹೊರಗೆ ಬಂದರೆ ನೀನು ಕಾರಿಡಾರಿನಲ್ಲಿ ನಿಂತಿದ್ದೆ. ನನ್ನನ್ನು ಕಂಡೊಡನೆ, ರಿಂಗೇ ಆಗದ ಫೋನನ್ನು ಕಿವಿಗೆ ಹಚ್ಚಿಕೊಂಡೆ.

ನಾನು ಮೊದಲ ಸಲ ಯೂನಿಫಾರ್ಮ್ ಹಾಕಿದ ದಿನ ಟೈ ಸರಿಮಾಡಿದವನು ನೀನು. “ಏನಾರ ತಪ್ಪಾದ್ರೆ ಮೊದ್ಲು ನನಗೆ ಹೇಳು” ಎಂದಿದ್ದೆ. ನಾನು ಹಾಗೆಯೇ ಮಾಡಿದೆ.

ಅಮ್ಮ ನಿನಗೂ ಅತ್ತಿಗೆಗೂ ಆಶೀರ್ವಾದ ತಿಳಿಸಿದ್ದಾಳೆ.

ನಿನ್ನ ತಂಗಿ,
ಅಂಕಿತಾ

ಇನ್ನೊಂದು ಮಾತು: ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಬಿಲಾಲ್‌ಗೂ ಹಾರುವಾಗ ಹೀಗೇ ಆಗಿತ್ತಂತೆ. ಇವತ್ತು ಬೆಳಿಗ್ಗೆ ಇಬ್ಬರೂ ಸೇರಿ ವಿಮಾನಯಾನ ಇಲಾಖೆಗೆ ದೂರು ಕಳಿಸಿದೆವು. ನಿದ್ದೆ ಹೋದದ್ದನ್ನು ನಾನು ಮುಚ್ಚಿಟ್ಟಿಲ್ಲ. ಡ್ಯೂಟಿ ಹಾಕಿದವರು ಎಂಬಲ್ಲಿ ನಿನ್ನ ಹೆಸರಿದೆ, ಬರೆದವಳು ನಾನೇ. ಅಮ್ಮನಿಗೂ ಸಂಜೆ ಎಲ್ಲ ಹೇಳುವವಳಿದ್ದೇನೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡವೆಂದು ನಾನೇ ತಿಳಿಸುತ್ತಿದ್ದೇನೆ.