ಕನ್ನಡಿಯಂಥ ಕೊಳ

ಅಕ್ಕಾ,

ಚರಂಡಿ ನೀರು ಸೋಸಲೆಂದು ನಮ್ಮ ಸಂಶೋಧನೆಯ ಕೊಳದಲ್ಲಿ ಮೂರು ವರ್ಷ ಬೆಳೆಸಿದ ಜೊಂಡಿನಲ್ಲಿ ಇವತ್ತು ಒಂದು ಕಡ್ಡಿಯೂ ಉಳಿದಿಲ್ಲ. ಇಲಾಖೆಯ ದೊಡ್ಡವರು ನೋಡಲು ಬರುತ್ತಾರೆ, ಕೊಳ ಚೊಕ್ಕಟವಾಗಿರಲಿ ಎಂದು ಜ್ವರದಲ್ಲಿ ಮಲಗಿದ್ದಲ್ಲಿಂದಲೇ ಮೇಸ್ತ್ರಿಗೆ ಚೀಟಿ ಬರೆದವಳು ನಾನೇ. ದಡದ ಕಸ ಎತ್ತಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಮೇಸ್ತ್ರಿ ಜೊಂಡನ್ನೆಲ್ಲ ಬುಡಸಮೇತ ಕೀಳಿಸಿದ್ದಾನೆ.

"ನೋಡಿ ಮೇಡಂ, ಕನ್ನಡಿ ಥರ ಮಾಡಿಟ್ಟಿದ್ದೀವಿ," ಅಂದ. ಆಮೇಲೆ ಜೋಪಾನವಾಗಿ ತನ್ನ ಟೋಪಿ ಚಾಚಿದ. "ಇವನ್ನ ಮಾತ್ರ ಒಡೆಯೋಕೆ ಬಿಡಲಿಲ್ಲ."

ಒಳಗೆ ನೀರುಕೋಳಿಯ ಐದು ಮೊಟ್ಟೆ, ತಣ್ಣಗಾಗಿದ್ದವು. ತಾಯಿಹಕ್ಕಿ ಬರಿ ನೀರಲ್ಲಿ ಇನ್ನೂ ಗೂಡು ಹುಡುಕುತ್ತಿದೆ.

ನನ್ನ ಜ್ವರ ಬಿಟ್ಟಿದೆ ಅಂತಷ್ಟೇ ಅಮ್ಮನಿಗೆ ಹೇಳು. ದೊಡ್ಡವರು ಬಂದಾಯಿತು, ದಡದಲ್ಲಿ ನಿಂತು ಕೊಳ ಎಷ್ಟು ಚೊಕ್ಕಟವಾಗಿದೆ ಅಂತ ನನ್ನನ್ನೇ ಹೊಗಳುತ್ತಿರುವುದು ಇಲ್ಲಿ ಒಳಗೂ ಕೇಳಿಸುತ್ತಿದೆ. ಹೋಗಬೇಕು.

ನಿನ್ನ ತಂಗಿ