ದನ ಇಳಿಯುವ ಕಡೆಯ ಗೆಂಡೆ

ಪಣಕಹಳ್ಳಿ
೧೨–೨–೧೯೮೧

ಚೆಲುವ,

ನಿನ್ನ ವಿಳಾಸ ಯಾರಿಗೂ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಕೆರೆಯಲ್ಲಿ ಒಂದು ಗೆಂಡೆ ಮೀನು ಹಿಡಿದೆ. ದೊಡ್ಡ ಮೀನು ಏರಿಯ ಪಕ್ಕದ ಆಳದಲ್ಲೇ ಇರುತ್ತದೆ ಎಂದು ನಾನು ವಾದಿಸುತ್ತಿದ್ದೆ; ನೀನು ಹೇಳಿದ್ದೇ ಸರಿ. ದನ ಇಳಿದು ಕೆಸರು ಕಲಕುವ ಕಡೆ ಎರಡು ದಿನ ಕಡಲೆ ಹಿಂಡಿ ಎರಚಿ, ಮೂರನೆಯ ದಿನ ಗಾಳಕ್ಕೆ ರಾಗಿಮುದ್ದೆ ಚುಚ್ಚಿ ಬಿಟ್ಟೆ. ಮುದ್ದೆಗೆ ತುಪ್ಪ ಹಾಕಲಿಲ್ಲ. ಹಿಂದೊಮ್ಮೆ ಹಾಕಿದ್ದಕ್ಕೆ, “ಮೀನ್ಗೆ ಎಡೆ ಇಕ್ಕೀಯೇನ್ಲಾ?” ಎಂದು ನೀನು ನಕ್ಕಿದ್ದೆ.

ಗಾಳ ಗಂಟಲಿಗೆ ಇಳಿದಿತ್ತು. ನೀರಿಗೆ ಬಿಟ್ಟರೂ ಅದು ಬದುಕುವಂತಿರಲಿಲ್ಲ. ಲಿಂಗ ಕಟ್ಟಿದ ನಮ್ಮ ಮನೆಗೆ ಒಯ್ಯುವಂತೆಯೂ ಇರಲಿಲ್ಲ. ಅಷ್ಟರಲ್ಲಿ ನಿನ್ನ ಅವ್ವ ಬಟ್ಟೆ ಒಗೆಯಲು ಬಂದಳು.

“ಏನ್ ಬುದ್ದಿ, ನಿಮ್ಮಟ್ಟೀಲಿ ಇವತ್ತು ಮೀನ್ ಸಾರಾ?”

ಮೀನನ್ನು ಅವಳಿಗೇ ಕೊಟ್ಟೆ. ಅದನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ, “ನಮ್ ಚೆಲುವ ಊರ್ ಬುಟ್ಟು ಯಾಕೋದ ಅಂತ ನಿಮ್ಗಾದ್ರೂ ಯೋಳಿದ್ನಾ?” ಎಂದು ಕೇಳಿದಳು.

ಆವತ್ತು ಕೆರೆಯ ಹತ್ತಿರ ನಮ್ಮಿಬ್ಬರನ್ನೂ ಕಂಡ ಅಪ್ಪ, ಗಾಳ ಯಾರದೆಂದು ಕೇಳಿದಾಗ, ಅದು ನನ್ನದೇ ಆಗಿದ್ದರೂ ನಾನು ನಿನ್ನ ಕಡೆ ಬೆರಳು ತೋರಿಸಿದೆ. ಅಪ್ಪ ನಿನ್ನನ್ನು ದನದ ಹಗ್ಗದಲ್ಲಿ ಹೊಡೆದರು. ಮರುದಿನ ನೀನು ಊರಲ್ಲಿರಲಿಲ್ಲ.

“ಇಲ್ಲ ಕಣವ್ವ” ಎಂದೆ.

“ಅವ್ನು ಬಂದ್ರೆ ಮೊದ್ಲು ನಿಮ್ತಾವ್ಕೇ ಬರಾದು, ಬುದ್ದಿ. ಬಂದ್ರೆ ನಂಗ್ ಯೋಳ್ಕಳಿಸಿ.”

ಹೇಳಿ ಕಳಿಸುತ್ತೇನೆ ಎಂದೆ.